ಭಾಷೆ ನೋಡಿ ಓಟು ಹಾಕಿದ್ರೆ ಏನು ಸಿಗುತ್ತೆ? ಬೆಳಗಾವಿ ಮತ್ತು ದಿಬ್ಬೂರಹಳ್ಳಿ

ಲೋಕಲ್ ಎಲೆಕ್ಷನ್‌ನಲ್ಲಿ ಭಾಷೆ ನೋಡಿ ಓಟು ಹಾಕಿದ್ರೆ ಏನು ಸಿಗುತ್ತೆ? ಇವತ್ತಿನ ಎಪಿಸೋಡ್ ಇದರ ಬಗ್ಗೆ.

ಮೊದಲು ಬೆಳಗಾವಿ. 1956ರವರೆಗೆ ಅದು ಬಾಂಬೆ ರಾಜ್ಯದಲ್ಲಿತ್ತು. ಭಾಷಾವಾರು ರಾಜ್ಯಗಳಾದಾಗ ನಮ್ಮ ಕಡೆ ಬಂತು. ಅಲ್ಲಿನ ಮರಾಠಿಗರಲ್ಲಿ ಹಲವರು ಇದನ್ನ ಒಪ್ಪಲಿಲ್ಲ. ನಾವು ಯಾವ ರಾಜ್ಯದಲ್ಲಿರಬೇಕು ಅಂತ ನಾವೇ ಹೇಳ್ತೀವಿ ಅನ್ನೋದು ಮಹಾರಾಷ್ಟ್ರ ಏಕೀಕರಣ ಸಮಿತಿ ವಾದ. ಹಾಗಾಗಿ ದಶಕಗಳ ಕಾಲ ಪಾಲಿಕೆ ಚುನಾವಣೆ ಅಂದ್ರೆ ಕನ್ನಡ-ಮರಾಠಿ ಲೆಕ್ಕಾಚಾರ. 2005ರಲ್ಲಿ ಪಾಲಿಕೆ, 'ನಮ್ಮನ್ನ ಮಹಾರಾಷ್ಟ್ರಕ್ಕೆ ಸೇರಿಸಿ' ಅಂತ ನಿರ್ಣಯಾನೇ ಪಾಸ್ ಮಾಡ್ತು. ಗಡಿ ಒಂದಿಂಚೂ ಕದಲಲಿಲ್ಲ. ಸರ್ಕಾರ ಪಾಲಿಕೆಯನ್ನೇ ಸೂಪರ್‌ಸೀಡ್ ಮಾಡ್ತು. ಸಂವಿಧಾನದ 3ನೇ ವಿಧಿ ಪ್ರಕಾರ ರಾಜ್ಯದ ಗಡಿ ಬದಲಿಸೋದು ಸಂಸತ್ತಿನ ಕೆಲಸ, ಕಾರ್ಪೊರೇಟರ್ ಕೈಲಿಲ್ಲ. 2021ರಲ್ಲಿ ಪಕ್ಷಗಳು ಚಿಹ್ನೆ ಮೇಲೆ ನಿಂತಾಗ 58 ವಾರ್ಡ್‌ಗಳಲ್ಲಿ 35 ಬಿಜೆಪಿ ಪಾಲಾದವು, ಸಮಿತಿ ನೆಲಕಚ್ಚಿತು.

ಹಾಗಾದ್ರೆ ಭಾಷೆ ಓಟಿನ ವಿಷಯಾನೇ ಅಲ್ವಾ? ಖಂಡಿತ ಹೌದು, ಆದ್ರೆ ಬೇರೆ ಥರ.

ನಮ್ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಕಡೆ ನೋಡಿ. ಆಂಧ್ರ ಗಡಿ ದೂರ ಇಲ್ಲ. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆ-ಕಚೇರಿಯಲ್ಲಿ ಕನ್ನಡ. ಈ ಭಾಗ ಹಿಂದಿನಿಂದಲೂ ಮೈಸೂರು ರಾಜ್ಯದಲ್ಲೇ ಇತ್ತು, ಹಾಗಾಗಿ ಬೆಳಗಾವಿ ಥರದ ಗಡಿ ಜಗಳ ಇಲ್ಲ. ಪಂಚಾಯ್ತಿ ಎಲೆಕ್ಷನ್ ಬಂದ್ರೆ ಬೋರ್‌ವೆಲ್, ರಸ್ತೆ, ಬೀದಿ ದೀಪದ ಮಾತೇ. ಜಗಳ ಇಲ್ಲದಿರೋದು ಒಳ್ಳೇದೇ. ಆದ್ರೆ ತೆಲುಗು ಬಿಟ್ಟು ಬೇರೆ ಬಾರದ ಅಜ್ಜಿಗೆ ಗ್ರಾಮಸಭೆಯಲ್ಲಿ ಓದಿದ ಫಲಾನುಭವಿಗಳ ಪಟ್ಟಿ ಅರ್ಥ ಆಗ್ಲಿಲ್ಲ ಅಂದ್ರೆ, ಮನೆ ಕೈತಪ್ಪಿದ್ದೂ ಗೊತ್ತಾಗಲ್ಲ.

ಇದಕ್ಕೆ ಕಾನೂನಿದೆ. 350ನೇ ವಿಧಿ ಪ್ರಕಾರ ನಮ್ಮ ಕುಂದುಕೊರತೆಯ ಮನವಿಯನ್ನ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ಕೊಡಬಹುದು. 350ಎ ಇನ್ನೂ ಮುಂದೆ ಹೋಗುತ್ತೆ: ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸೋ ಸೌಲಭ್ಯಕ್ಕೆ ರಾಜ್ಯದ ಜೊತೆ ಸ್ಥಳೀಯ ಸಂಸ್ಥೆಗಳೂ ಪ್ರಯತ್ನ ಪಡಬೇಕು. ಕೇರಳದ ಕಾಸರಗೋಡಿನಲ್ಲಿ ಕನ್ನಡಿಗರು ಕನ್ನಡ ಬಲ್ಲ ಮೇಷ್ಟ್ರು, ಕನ್ನಡದ ಅರ್ಜಿ ಫಾರಂ ಕೇಳೋದೂ ಇದೇ ಹಕ್ಕಿನಡಿ. ಅಲ್ಲಿ ನಮ್ಮವರಿಗೆ ಕೇಳೋದನ್ನ ಇಲ್ಲಿ ಪಕ್ಕದ ಮನೆಯವರಿಗೆ ಕೊಡೋಕೆ ಕನ್ನಡ ಬಿಟ್ಟುಕೊಡಬೇಕಿಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದ್ರೂ ನಡೀಬೇಕು. ಓಟು ಕೇಳೋಕೆ ಬಂದವರಿಗೆ ಒಂದೇ ಪ್ರಶ್ನೆ ಹಾಕಿ: 'ಅಣ್ಣಾ, ಪಟ್ಟಿ ಓದಿದ್ಮೇಲೆ ತೆಲುಗಲ್ಲೂ ಒಂದ್ಸಲ ಹೇಳಿಸ್ತೀರಾ?' ಇದು ಅವರ ಕೈಲಿರೋ ಕೆಲಸ. ಮಾಡಿಲ್ಲ ಅಂದ್ರೆ ಮುಂದಿನ ಸಲ ಲೆಕ್ಕ ಕೇಳಬಹುದು.