ಮುಂಗಡದ ಹಣ ಯಾರದು?

ಮನೆಯನ್ನು ಬಾಡಿಗೆಗೆ ಕೊಡುವ ದಿನ ಎರಡು ಕಡೆಯೂ ನಗುಮುಖ. ಬೀಗದ ಕೈ ಹಿಂದಿರುಗುವ ದಿನ ಎರಡು ಕಡೆಯೂ ಬಿಗಿದ ಮುಖ. ನಡುವೆ ಕೆಟ್ಟುದು ಅನೇಕ ವೇಳೆ ಮನೆಯಲ್ಲ, ಮುಂಗಡದ ಲೆಕ್ಕ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಜಿಲ್ಲೆಗೆ ಚಿಕ್ಕಬಳ್ಳಾಪುರ ಕೇಂದ್ರವಾಯಿತು. ವರ್ಗವಾಗಿ ಬರುವ ನೌಕರರು ಬಾಡಿಗೆ ಮನೆಯನ್ನೇ ಅರಸಬೇಕು. ಅಲ್ಲಾಗಲಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಾಗಲಿ, ಮನೆಯೊಡೆಯರೆಲ್ಲ ಸಿರಿವಂತರಲ್ಲ. ಕೈಗೆ ಬಂದ ಮುಂಗಡ ಮಗಳ ಮದುವೆಗೋ ಮೇಲಂತಸ್ತಿನ ಇಟ್ಟಿಗೆಗೋ ಕರಗಿಹೋಗುತ್ತದೆ. ಬಾಡಿಗೆದಾರರು ಹೊರಟು ನಿಂತಾಗ ಬರಿದಾದ ಕೈ ಗೋಡೆಯ ಮೇಲೆ ಕಲೆಗಳನ್ನು ಹುಡುಕತೊಡಗುತ್ತದೆ. ವ್ಯಾಜ್ಯದ ಬೇರು ಇಲ್ಲಿದೆ.

ಮುಂಗಡವು ಒಡೆಯನ ವರಮಾನವಲ್ಲ. ಅವನ ಬಳಿ ಇರಿಸಿದ ಪರರ ಹಣ. ಬೇರೆ ಕರಾರು ಇಲ್ಲದಿದ್ದಲ್ಲಿ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣದಂತೆ, ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸಬೇಕು. ಆದರೆ ಸಹಜ ಬಳಕೆಯ ಸವೆತಕ್ಕೆ ಅವನು ಹೊಣೆಯಲ್ಲ. ಮೂರು ವರ್ಷಗಳಲ್ಲಿ ಮಾಸಿದ ಸುಣ್ಣ ಸವೆತ. ಒಡೆದ ಕಿಟಕಿಯ ಗಾಜು ನಷ್ಟ. ಮೊದಲನೆಯದಕ್ಕೆ ಹಣ ಮುರಿದುಕೊಳ್ಳುವುದು ನ್ಯಾಯವಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆಯ ನೂಲು ತೆಗೆಯುವವರಿಗೆ ಕಟ್ಟಡ ಕೊಟ್ಟವರು, ಗೂಡು ಬೇಯಿಸುವ ಹಬೆಯಿಂದ ಗೋಡೆ ಕೆಡುವುದೆಂದು ಬಲ್ಲರು. ಸುಣ್ಣದ ಖರ್ಚು ಯಾರದೆಂಬುದನ್ನು ಮೊದಲೇ ಕರಾರಿನಲ್ಲಿ ಬರೆಯಿಸುವುದು ಲೇಸು.

ಆದುದರಿಂದ ವಿವಾದವನ್ನು ತಡೆಯುವ ದಿನ ಮನೆ ಬಿಡುವ ದಿನವಲ್ಲ, ಮನೆ ಹೊಗುವ ದಿನ. ನಲ್ಲಿ, ದೀಪ, ಬಾಗಿಲು, ಚಿಲಕಗಳ ಪಟ್ಟಿ ಮಾಡಿ ಇಬ್ಬರೂ ರುಜು ಹಾಕಿರಿ, ಚಿತ್ರಗಳನ್ನು ತೆಗೆದಿಡಿರಿ. ಮುಂಗಡಕ್ಕೆ ರಸೀದಿ ಕೊಡಿರಿ. ಸಾಧ್ಯವಾದರೆ ಆ ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿಯೇ ಇಡಿರಿ. ತೆರವಿಗೆ ಮುನ್ನ ಇಬ್ಬರೂ ಕೂಡಿ ಮನೆ ನೋಡಿರಿ. ಬಾಕಿ ಬಾಡಿಗೆ, ವಿದ್ಯುತ್ತು, ದುರಸ್ತಿ ಇವುಗಳನ್ನು ಬಿಲ್ಲುಸಹಿತ ಕಳೆದು, ತಕರಾರಿಲ್ಲದ ಮೊತ್ತವನ್ನು ಬೀಗದ ಕೈ ಪಡೆಯುವಾಗಲೇ ಕೊಟ್ಟುಬಿಡಿರಿ. ಐನೂರು ರೂಪಾಯಿಯ ನಲ್ಲಿಗಾಗಿ ಐವತ್ತು ಸಾವಿರ ತಡೆಹಿಡಿಯುವುದು ಸಲ್ಲದು.

ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಅಧಿನಿಯಮ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಮುಂಗಡ ಸಾಕೆನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯವು ಶಾಸನ ಮಾಡಿದಲ್ಲಿ ಮಾತ್ರ ಕಟ್ಟುಪಾಡು. ಆದರೂ ಅದರಲ್ಲಿ ಒಡೆಯನಿಗೂ ಹಿತವುಂಟು: ಕಡಿಮೆ ಪಡೆದವನು ಹಿಂದಿರುಗಿಸಲು ತಡಕಾಡಬೇಕಿಲ್ಲ.

ಚಿಕ್ಕ ಊರಿನಲ್ಲಿ ಮಾತು ಬೇಗ ಹರಡುತ್ತದೆ. ಮುಂಗಡವನ್ನು ಮರ್ಯಾದೆಯಿಂದ ಹಿಂದಿರುಗಿಸುವವರ ಮನೆ ಬಹುಕಾಲ ಖಾಲಿ ಬೀಳುವುದಿಲ್ಲ.