ಹೂಳಿನಲ್ಲಿ ಸಿಕ್ಕ ಆಮೆಯನ್ನು ಏನು ಮಾಡಬೇಕು?

ಬೇಸಗೆಯಲ್ಲಿ ಕೆರೆಯ ಹೂಳೆತ್ತುವಾಗ, ಮೊದಲ ಮಳೆಗೆ ಗದ್ದೆ ಉಳುವಾಗ ಆಮೆ ಸಿಗುವುದು ಸೇಲಂ, ಧರ್ಮಪುರಿ ಸೀಮೆಯ ರೈತರಿಗೆ ಹೊಸತಲ್ಲ. ಮಕ್ಕಳು ಅದನ್ನು ಮನೆಗೆ ತಂದು ತೊಟ್ಟಿಗೆ ಬಿಡುತ್ತಾರೆ. ಆಮೆಯಿದ್ದರೆ ಮನೆಗೆ ಶುಭವೆಂದು ಕೆಲವರು. ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರವಾಗದೆಂದು ಮತ್ತೆ ಕೆಲವರು. ಎರಡನ್ನೂ ಬದಿಗಿಟ್ಟು ನಿಜಸ್ಥಿತಿಯನ್ನು ನೋಡೋಣ.

ಹೂಳಿನಲ್ಲಿ ಹೆಚ್ಚಾಗಿ ಸಿಗುವುದು ಬೆನ್ನಿನ ಮೇಲೆ ತೊಗಲು ಹೊದ್ದ ಆಮೆ. ಹಿಂಗಾಲುಗಳನ್ನು ಒಳಗೆಳೆದುಕೊಂಡರೆ ಹೊಟ್ಟೆಯ ಕಡೆಯ ಎರಡು ಮಡಿಕೆಗಳು ಕದದಂತೆ ಮುಚ್ಚಿಕೊಳ್ಳುತ್ತವೆ. ಕೆರೆ ಬತ್ತಿದಾಗ ಇದು ಕೆಸರಿನೊಳಗೆ ಹೂತುಕೊಂಡು ಮಳೆಗಾಗಿ ಕಾಯುತ್ತದೆ. ಅಲುಗಾಡದಿದ್ದರೂ ಸತ್ತಿತೆಂದು ತಿಳಿಯಬಾರದು. ಬಸವನಹುಳು, ಕಪ್ಪೆ, ಮೀನು, ನೀರಿನ ಹುಳುಗಳು, ಜಲಸಸ್ಯ ಇದರ ಆಹಾರ. ಸತ್ತ ಮೀನನ್ನೂ ತಿಂದು ಕೆರೆಯ ನೀರು ಕೊಳೆಯದಂತೆ ನೋಡಿಕೊಳ್ಳುತ್ತದೆ. ಕೂಲಿ ಕೇಳದ ತೋಟಿ ಎನ್ನಬಹುದು.

ಇಂಥ ಪ್ರಾಣಿಗೆ ತೊಟ್ಟಿ ತಕ್ಕ ಮನೆಯಲ್ಲ. ನೀರು ಬೇಗ ಕೆಡುತ್ತದೆ. ಅನ್ನ, ರೊಟ್ಟಿ ತಿಂದು, ಬಿಸಿಲು ಕಾಣದೆ ಇದ್ದರೆ ಎಲುಬೂ ಚಿಪ್ಪೂ ಮೆತ್ತಗಾಗಿ ಆಮೆ ಸೊರಗುತ್ತದೆ. ಅದರ ಮೈಮೇಲೆ ಭೇದಿ, ಜ್ವರ ತರುವ ರೋಗಾಣುಗಳಿರುವುದುಂಟು. ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲೇಬೇಕು. ನೀರು ಶುದ್ಧವಾಗಲೆಂದು ಬಾವಿಗೆ ಬಿಡುವುದೂ ಸರಿಯಲ್ಲ. ಕಟ್ಟಿದ ಬಾವಿಯಿಂದ ಅದು ಮೇಲೆ ಬರಲಾರದು. ಮೊಟ್ಟೆಯಿಡಲು ಅದಕ್ಕೆ ದಡದ ಮಣ್ಣು ಬೇಕು.

ಕಾನೂನೂ ಇದಕ್ಕೆ ಒಪ್ಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಈ ಆಮೆ ಸೇರಿದೆ. ಹಿಡಿದಿಟ್ಟುಕೊಂಡರೆ 3ರಿಂದ 7 ವರ್ಷ ಸೆರೆ. 2022ರ ತಿದ್ದುಪಡಿಯ ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅಮೀನನ ಗಾದೆ ಹೀಗೆ ನಿಜವಾಗುವುದು ಬೇಡ. ಅದೇ 2022ರಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಕಾಡಿನಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮ ಘೋಷಿತವಾಯಿತು. ಅಳಿವಿನಂಚಿಗೆ ಬಂದಿರುವ ಮೆದುಚಿಪ್ಪಿನ ದೊಡ್ಡ ಹೊಳೆಯಾಮೆಗೂ ಅಲ್ಲಿ ಆಶ್ರಯವುಂಟು.

ಹಾಗಾದರೆ ಮಾಡತಕ್ಕದ್ದೇನು? ಆಮೆ ಗಟ್ಟಿಯಾಗಿದ್ದರೆ ಅದೇ ಕೆರೆಯ ನೀರಿರುವ ಗುಂಡಿಯ ದಡದಲ್ಲಿ ಬಿಡಿ. ನೀರಿಲ್ಲದಿದ್ದರೆ ಯಂತ್ರ ಬಾರದ ಮೂಲೆಯಲ್ಲಿ, ನೆರಳಿನಲ್ಲಿ, ಹಸಿ ಕೆಸರಿನ ಮೇಲೆ ಇಡಿ, ತಾನೇ ಹೂತುಕೊಳ್ಳುತ್ತದೆ. ರಸ್ತೆ ದಾಟುತ್ತಿದ್ದರೆ ಅದು ಹೊರಟ ದಿಕ್ಕಿಗೇ ದಾಟಿಸಿ. ಹಿಡಿಯುವಾಗ ಮೈಯ ಹಿಂಭಾಗವನ್ನು ಹಿಡಿಯಿರಿ. ಕತ್ತು ಉದ್ದ, ಕಚ್ಚುವುದು ಬಿರುಸು.

ನೇಗಿಲಿಗೋ ಯಂತ್ರಕ್ಕೋ ಸಿಕ್ಕಿ ಗಾಯವಾಗಿದ್ದರೆ ನೀರಿಗೆ ಬಿಡಬೇಡಿ. ಅಗಲವಾದ ತೊಟ್ಟಿಯಲ್ಲಿ ಒದ್ದೆ ಗೋಣಿ ಹಾಸಿ ನೆರಳಿನಲ್ಲಿಡಿ. ಎಣ್ಣೆ, ಸಗಣಿ ಹಚ್ಚಬೇಡಿ. ಅಂದೇ ಅರಣ್ಯ ಇಲಾಖೆಯ ರೇಂಜ್ ಕಚೇರಿಗೆ ತಿಳಿಸಿ. ಅವರು ಬರುವತನಕದ ಆರೈಕೆಯೇ ನಾವು ಆಮೆಗೆ ಮಾಡಬಹುದಾದ ಸಾಕಣೆ.

ಪೇಟೆಯಲ್ಲಿ ಕೊಂಡ, ಕಿವಿಯ ಬಳಿ ಕೆಂಪು ಪಟ್ಟೆಯ ಅಮೆರಿಕದ ಆಮೆಯನ್ನು ಮಾತ್ರ ಬೇಸರವಾಯಿತೆಂದು ಕೆರೆಗೆ ಬಿಡಲೇಬೇಡಿ. ಅದು ನಮ್ಮ ಆಮೆಗಳ ಆಹಾರಕ್ಕೂ ಜಾಗಕ್ಕೂ ಪಾಲುದಾರನಾಗಿ ಬರುತ್ತದೆ.