ಗೋಡೆಯ ಮೇಲಿನ ಗಣಿತ ಓದಿದ ಹುಡುಗಿ

"ಹೆಣ್ಣು ಮಕ್ಕಳ ತಲೆಗೆ ಲೆಕ್ಕ ಹತ್ತುವುದಿಲ್ಲ" ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ಸುಲಿದ ಕೂಲಿಯನ್ನೂ ಕಾಫಿ ಕೊಯ್ಲಿನ ಕಿಲೋ ಲೆಕ್ಕವನ್ನೂ ಬಾಯಲ್ಲೇ ಕೂಡಿಸಿ ಹೇಳುವ ತಾಯಂದಿರಿದ್ದಾರೆ. ಆದರೆ ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತೇನೆಂದರೆ "ನಿನಗೇಕಮ್ಮಾ ಆ ಕಷ್ಟ?" ಎನ್ನುವವರೂ ಅವರೇ. ಸಹೋದರಿಯರೇ, ರಷ್ಯಾದ ಸೋಫಿಯಾ ಕೊವಾಲೆವ್‌ಸ್ಕಾಯಾಳ ಬದುಕನ್ನು ಒಮ್ಮೆ ನೋಡಿ.

ಸೋಫಿಯಾ 1850ರ ಜನವರಿಯಲ್ಲಿ ಮಾಸ್ಕೋದಲ್ಲಿ ಹುಟ್ಟಿದಳು. ತಂದೆ ಸೇನಾಧಿಕಾರಿ. ಹಳ್ಳಿಯ ಮನೆಯಲ್ಲಿ ಮಕ್ಕಳ ಕೋಣೆಯ ಗೋಡೆಗೆ ಅಂಟಿಸುವ ಕಾಗದ ಸಾಲದೆ, ತಂದೆಯ ಹಳೆಯ ಗಣಿತ ಪಾಠದ ಹಾಳೆಗಳನ್ನೇ ಅಂಟಿಸಿದ್ದರು. ಅರ್ಥವಾಗದ ಆ ಸೂತ್ರಗಳ ಮುಂದೆ ಹುಡುಗಿ ಗಂಟೆಗಟ್ಟಲೆ ನಿಲ್ಲುತ್ತಿದ್ದಳು. ಮುಂದೆ ಅದೇ ಗಣಿತ ಕಲಿಯುವಾಗ, ಮೊದಲೇ ಗೊತ್ತಿದ್ದವಳಂತೆ ಬೇಗನೆ ಗ್ರಹಿಸಿದ್ದು ಕಂಡು ಶಿಕ್ಷಕರು ಬೆರಗಾದರು.

ಆಗ ರಷ್ಯಾದ ವಿಶ್ವವಿದ್ಯಾನಿಲಯಗಳಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ವಿದೇಶಕ್ಕೆ ಹೋಗಲು ತಂದೆಯ ಅಥವಾ ಪತಿಯ ಒಪ್ಪಿಗೆ ಬೇಕು. 1868ರಲ್ಲಿ ಆಕೆ ವ್ಲಾದಿಮಿರ್ ಕೊವಾಲೆವ್‌ಸ್ಕಿಯನ್ನು ಹೆಸರಿಗಷ್ಟೇ ವಿವಾಹವಾಗಿ ಜರ್ಮನಿಗೆ ಹೊರಟಳು. ಈ ದಾರಿಯನ್ನು ನಾವು ಮೆಚ್ಚಬೇಕೆಂದಿಲ್ಲ. ಆದರೆ ಓದಲೆಂದು ಒಬ್ಬ ಹೆಣ್ಣು ಮಗಳು ಅಂತಹ ದಾರಿ ಹಿಡಿಯುವಂತೆ ಮಾಡಿದ್ದು ಮುಚ್ಚಿದ ಬಾಗಿಲುಗಳಲ್ಲವೇ?

ಬರ್ಲಿನ್‌ನಲ್ಲೂ ತರಗತಿಗೆ ಬಿಡಲಿಲ್ಲ. ಪ್ರಸಿದ್ಧ ಗಣಿತಜ್ಞ ವೈಯರ್‌ಸ್ಟ್ರಾಸ್ ಪರೀಕ್ಷೆಗೆಂದು ಕಠಿಣ ಲೆಕ್ಕಗಳನ್ನು ಕೊಟ್ಟರು. ಆಕೆ ಬಿಡಿಸಿದ ರೀತಿ ಕಂಡು, 1870ರಿಂದ ನಾಲ್ಕು ವರ್ಷ ಖಾಸಗಿಯಾಗಿ ಕಲಿಸಿದರು. 1874ರಲ್ಲಿ ಗಟ್ಟಿಂಗೆನ್ ವಿಶ್ವವಿದ್ಯಾನಿಲಯ ಆಕೆಗೆ ಡಾಕ್ಟರೇಟ್ ನೀಡಿತು. ಆಧುನಿಕ ಯುರೋಪಿನಲ್ಲಿ ಗಣಿತದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಆಕೆಯೇ.

ಪದವಿ ಸಿಕ್ಕಿತು, ಆದರೆ ತಾಯ್ನಾಡಿನಲ್ಲಿ ಯೋಗ್ಯ ಉದ್ಯೋಗ ಸಿಗಲಿಲ್ಲ. 1878ರಲ್ಲಿ ಮಗಳು ಹುಟ್ಟಿದಳು. ವ್ಯವಹಾರದ ನಷ್ಟಕ್ಕೆ ಸಿಲುಕಿದ ಪತಿ 1883ರಲ್ಲಿ ಪ್ರಾಣ ಕಳೆದುಕೊಂಡರು. ಆ ದುಃಖದ ಬಳಿಕ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಪಾಠ ಹೇಳುವ ಅವಕಾಶ ಬಂತು. 1889ರಲ್ಲಿ ಅಲ್ಲಿ ಖಾಯಂ ಪ್ರಾಧ್ಯಾಪಕಿಯಾದಳು.

ನಮ್ಮ ಮಕ್ಕಳು ಅಂಗಳದಲ್ಲಿ ಆಡಿಸುವ ಬುಗುರಿ ಗೊತ್ತಲ್ಲವೇ? ತಿರುಗುವ ವಸ್ತುವಿನ ಚಲನೆಯನ್ನು ಪೂರ್ಣವಾಗಿ ಲೆಕ್ಕಕ್ಕೆ ತರುವುದು ಬಲು ಕಷ್ಟ. ಆಯ್ಲರ್ ಮತ್ತು ಲಗ್ರಾಂಜ್ ಒಂದೊಂದು ಬಗೆಯ ಬುಗುರಿಗೆ ಉತ್ತರ ಕಂಡಿದ್ದರು. ಭಾರದ ಕೇಂದ್ರ ಅಕ್ಷದಿಂದ ಪಕ್ಕಕ್ಕಿರುವ ಮೂರನೆಯ ಬಗೆಯೊಂದನ್ನು ಸೋಫಿಯಾ ಬಿಡಿಸಿದಳು. 1888ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ, ಬರೆದವರ ಹೆಸರು ತಿಳಿಯದಂತೆ ನಡೆಸಿದ ಸ್ಪರ್ಧೆಯಲ್ಲಿ ಆಕೆಯ ಪ್ರಬಂಧವನ್ನು ಆರಿಸಿತು. 3000 ಫ್ರಾಂಕ್ ಬಹುಮಾನವನ್ನು 5000ಕ್ಕೆ ಏರಿಸಿತು. ಹೆಸರು ಕಾಣದಿದ್ದಾಗ ಗಣಿತ ಹೆಣ್ಣು ಗಂಡೆಂದು ಕೇಳಲಿಲ್ಲ ನೋಡಿ!

1891ರ ಫೆಬ್ರವರಿ 10ರಂದು ನ್ಯುಮೋನಿಯಾದಿಂದ ತೀರಿಕೊಂಡಾಗ ಆಕೆಗೆ ಕೇವಲ 41 ವರ್ಷ.

ಇದು ದೂರದ ಕಥೆ ಎನ್ನಬೇಡಿ. ಒಂಬತ್ತನೇ ಶತಮಾನದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ವನ್ನು ಕನ್ನಡಕ್ಕೆ ತಂದವರು ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ. 2000ರಲ್ಲಿ ಅದನ್ನು ಪ್ರಕಟಿಸಿದ್ದು ನಮ್ಮ ಮಲೆನಾಡಿನದೇ ಆದ ಹೊಂಬುಜ.

ಸೋಫಿಯಾಳಿಗೆ ಮುಚ್ಚಿದ್ದ ಬಾಗಿಲು ನಮ್ಮ ಹೆಣ್ಣು ಮಕ್ಕಳಿಗೆ ತೆರೆದಿದೆ; ಕಾಲೇಜು ನಮ್ಮ ತಾಲೂಕಿನಲ್ಲೇ ಇದೆ. ಅರ್ಜಿ ತುಂಬುವ ದಿನ ನೆಂಟರ ಅಭಿಪ್ರಾಯ ಕೇಳುವ ಮೊದಲು, ಮಗಳ ಇಷ್ಟವೇನೆಂದು ಕೇಳಿ. ಅವಳ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ.